ಊರ ಉಸಾಬರಿ ಹೊತ್ತ ಮೇಲ್ ಸರ್ವರ್

ಒಂದು ಸೋಮವಾರ ಬೆಳಗ್ಗೆ ಆಫೀಸಿಗೆ ಹೋಗಿ ನೋಡಿದರೆ ನಾನೇ ಕೂರಿಸಿದ್ದ ಮೇಲ್ ಸರ್ವರ್ ಏದುಸಿರು ಬಿಡುತ್ತಿತ್ತು. ನಮ್ಮಲ್ಲಿ ಇದ್ದದ್ದೇ ಹದಿನೈದು ಜನ. ಕ್ಯೂನಲ್ಲಿ ಮಾತ್ರ ನಲವತ್ತು ಸಾವಿರ ಮೇಲ್. ಮಾತ್ರೆ, ಲಾಟರಿ, ನಕಲಿ ವಾಚು, ಏನುಂಟು ಏನಿಲ್ಲ! ಒಂದೂ ನಮ್ಮವರು ಬರೆದದ್ದಲ್ಲ, ನಮ್ಮವರಿಗೆ ಬಂದದ್ದೂ ಅಲ್ಲ. ಯಾರೋ ಕೊಟ್ಟದ್ದನ್ನು ಹೊತ್ತು ಇನ್ಯಾರಿಗೋ ತಲುಪಿಸುವ ಕೆಲಸಕ್ಕೆ ಪಾಪ ಅದು ವಾರಾಂತ್ಯವಿಡೀ ದುಡಿದಿತ್ತು.

ಇದಕ್ಕೆ ಓಪನ್ ರಿಲೇ ಅಂತಾರೆ. ಹಳ್ಳಿ ಕಡೆ ಬಸ್ ಡ್ರೈವರ್ ಕೈಗೆ ಒಂದು ಕವರ್ ಕೊಟ್ಟು, "ಸ್ಟ್ಯಾಂಡಲ್ಲಿ ನಮ್ಮ ಹುಡುಗ ಬಂದು ಇಸ್ಕೊತಾನೆ ಅಣ್ಣಾ" ಅಂತ ಕಳಿಸುತ್ತಾರಲ್ಲ, ಅದೇ ರಿಲೇ. ಮುಖ ಪರಿಚಯ ಇರುವವರೆಗೆ ಚೆನ್ನಾಗಿಯೇ ನಡೆಯುತ್ತದೆ.

ಮೊದಮೊದಲು ಇಂಟರ್ನೆಟ್ಟೂ ಹಾಗೇ ಇತ್ತು. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು 1982ರಲ್ಲಿ ಜಾನ್ ಪೋಸ್ಟೆಲ್ ಬರೆದಾಗ, ಕಳಿಸುವವರು ನಿಜಕ್ಕೂ ಯಾರು ಎಂದು ವಿಚಾರಿಸುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಎಲ್ಲ ಕಂಪ್ಯೂಟರಿಗೂ ನೇರ ದಾರಿ ಇರದ ಕಾಲ ಅದು. ಪಕ್ಕದವರ ಮೇಲ್ ಮುಂದಕ್ಕೆ ದಾಟಿಸುವುದು ಒಳ್ಳೆತನ ಅನಿಸಿಕೊಳ್ಳುತ್ತಿತ್ತು. ಅಂದಮಾತ್ರಕ್ಕೆ ಸ್ಪ್ಯಾಮ್ ಇರಲೇ ಇಲ್ಲ ಅಂತಲ್ಲ. 1978ರಲ್ಲೇ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ ಸುಮಾರು 400 ಆರ್ಪಾನೆಟ್ (ಇಂಟರ್ನೆಟ್ಟಿನ ಪೂರ್ವಜ) ಬಳಕೆದಾರರಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿ ಬೈಸಿಕೊಂಡಿದ್ದರು. ತೊಂಬತ್ತರ ದಶಕದಲ್ಲಿ ಇದೇ ದಂಧೆಯಾಯಿತು. ಲೆಕ್ಕಾಚಾರ ನೋಡಿ: ಸ್ಪ್ಯಾಮರ್ ತನ್ನ ಸಣ್ಣ ಲೈನಿನಲ್ಲಿ ಒಂದೇ ಪ್ರತಿ ಕಳಿಸಿ, ಜತೆಗೆ ನೂರು ವಿಳಾಸ ಕೊಟ್ಟರೆ ಸಾಕು, ಉಳಿದ ನೂರು ಓಡಾಟದ ಖರ್ಚು, ಬೈಗುಳ, ಕೆಟ್ಟ ಹೆಸರು ಎಲ್ಲ ರಿಲೇ ಮಾಡಿದವನ ತಲೆಗೆ. ಕೊನೆಗೆ 1998ರಲ್ಲಿ ಬಂದ ಮೇಲ್ ಸರ್ವರ್ ಸಾಫ್ಟ್‌ವೇರ್ ಸೆಂಡ್‌ಮೇಲ್ 8.9 ಈ ಬಾಗಿಲನ್ನು ತಾನಾಗಿಯೇ ಮುಚ್ಚಿಟ್ಟುಕೊಂಡು ಬಂತು. ಬೇಕಾದವರು ತೆರೆದುಕೊಳ್ಳಬೇಕಿತ್ತು.

ಈಗ ಎರಡು ಸರ್ವರ್‌ಗಳ ಮಾತುಕತೆ ನೋಡೋಣ. ಬಂದವನು ಮೊದಲು ಹೆಲೋ ಅನ್ನುತ್ತಾನೆ. ಆಮೇಲೆ "ಮೇಲ್ ಫ್ರಮ್" ಅಂತ ಕಳಿಸಿದವರ ವಿಳಾಸ, "ಆರ್‌ಸಿಪಿಟಿ ಟು" ಅಂತ ತಲುಪಬೇಕಾದವರ ವಿಳಾಸ ಹೇಳುತ್ತಾನೆ. ಕಾಗದದ ಒಕ್ಕಣೆ ಬರುವುದು ಇದೆಲ್ಲ ಆದ ಮೇಲೆ. ಆದ್ದರಿಂದ ಗೇಟು ಹಾಕಬೇಕಾದ ಜಾಗ "ಆರ್‌ಸಿಪಿಟಿ ಟು". ಅಲ್ಲಿ ಕೇಳಬೇಕಾದ್ದು ಎರಡೇ ಪ್ರಶ್ನೆ. ಮೇಲ್ ನಮ್ಮವರಿಗಾ? ಹಾಗಾದರೆ ಯಾರು ತಂದರೂ ತೆಗೆದುಕೋ. ಹೊರಗಿನವರಿಗಾ? ಹಾಗಾದರೆ ತಂದವನು ನಮ್ಮವನೇ ಆಗಿರಬೇಕು. ಎರಡೂ ಅಲ್ಲದಿದ್ದರೆ 554, ಅಂದರೆ ಆಗಲ್ಲ, ಅಂತ ಹೇಳಿ ವಾಪಸ್ ಕಳಿಸು.

"ನಮ್ಮವನು" ಅಂತ ಗುರುತು ಹಿಡಿಯುವುದು ಹೇಗೆ? ಹೊಸಬರು ಎಡವುವುದು ಇಲ್ಲೇ. "ಮೇಲ್ ಫ್ರಮ್"ನಲ್ಲಿ ನಮ್ಮ ಕಂಪನಿಯ ವಿಳಾಸ ಇದ್ದರೆ ಬಿಟ್ಟುಬಿಡು ಅಂತ ನಿಯಮ ಬರೆಯುತ್ತಾರೆ. ಕವರಿನ ಮೇಲೆ ಯಾರ ಹೆಸರು ಬೇಕಾದರೂ ಬರೆಯಬಹುದು, ಅಲ್ವಾ? ನಂಬಬಹುದಾದದ್ದು ಬಂದವನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗೆ ಇರುವ ಅಂಕಿಗಳ ಗುರುತು), ಇಲ್ಲವೇ ಅವನು ಕೊಟ್ಟ ಪಾಸ್‌ವರ್ಡ್. ನಾನು ಬಳಸುವ ಮೇಲ್ ಸರ್ವರ್ ಸಾಫ್ಟ್‌ವೇರ್ ಪೋಸ್ಟ್‌ಫಿಕ್ಸ್‌ನಲ್ಲಿ ಮೈನೆಟ್‌ವರ್ಕ್ಸ್ ಅನ್ನುವ ಸಾಲಿನಲ್ಲಿ ಬರೆದ ಐಪಿಗಳಿಗೆ ಪಾಸ್‌ವರ್ಡ್ ಕೂಡ ಬೇಡ, ಅವು ಮನೆ ಮಕ್ಕಳಿದ್ದಂತೆ.

ನಾನು ಅಲ್ಲಿ 192.168 ಸಾಲಿನ ನಮ್ಮ ಆಫೀಸಿನ ವಿಳಾಸಗಳನ್ನು ಹಾಕಿದ್ದೆ. ಸರಿಯಾಗಿಯೇ ಇತ್ತು, ಹತ್ತು ಸಲ ಓದಿದರೂ ತಪ್ಪು ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲಾಗ್ ನೋಡಿದಾಗ ಗೊತ್ತಾಯಿತು: ಹೊರಗಿನ ಲೋಕದಿಂದ ಬಂದ ಪ್ರತಿ ಕನೆಕ್ಷನ್ನೂ ನಮ್ಮ ರೌಟರಿನ ಒಳಗಿನ ವಿಳಾಸದಿಂದಲೇ ಬಂದ ಹಾಗೆ ಕಾಣುತ್ತಿತ್ತು. ಶುಕ್ರವಾರ ಹೊಸ ರೌಟರ್ ಹಾಕಿದ್ದರು. ಅದು ಪೋರ್ಟ್ 25ಕ್ಕೆ, ಅಂದರೆ ಹೊರಗಿನ ಸರ್ವರ್‌ಗಳು ಮೇಲ್ ತಂದುಕೊಡುವ ಬಾಗಿಲಿಗೆ, ಬಂದವರನ್ನು ಒಳಗೆ ಬಿಡುವಾಗ ಅವರ ನಿಜವಾದ ವಿಳಾಸ ಅಳಿಸಿ ತನ್ನದೇ ವಿಳಾಸ ಅಂಟಿಸುತ್ತಿತ್ತು. ಕಳ್ಳನಿಗೆ ಮನೆಯವರ ಅಂಗಿ ತೊಡಿಸಿ ಒಳಗೆ ಕಳಿಸಿದ ಹಾಗೆ. ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ನಡೆಸುವ ಸಾಧನ) ಸರ್ವರ್ ಓಡಿಸುವವರಿಗೂ ಕೆಲವೊಮ್ಮೆ ಇದೇ ಗತಿ. ಮೈನೆಟ್‌ವರ್ಕ್ಸ್‌ನಲ್ಲಿ 127.0.0.1, ಅಂದರೆ ಸರ್ವರ್ ತನ್ನನ್ನೇ ಕರೆದುಕೊಳ್ಳುವ ವಿಳಾಸ, ಮಾತ್ರ ಉಳಿಸಿದೆ. ಉಳಿದವರೆಲ್ಲ, ಬಾಸ್ ಸೇರಿ, ಪೋರ್ಟ್ 587ಕ್ಕೆ ಹೋಗಿ ಪಾಸ್‌ವರ್ಡ್ ಕೊಟ್ಟೇ ಕಳಿಸಬೇಕು ಅಂತ ಮಾಡಿದೆ. ಗೊಣಗಿದರು, ಗೊಣಗಲಿ.

ಅಷ್ಟರಲ್ಲಿ ನಮ್ಮ ಐಪಿ ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಗೆ ಸೇರಿ ಆಗಿತ್ತು. 1997ರಲ್ಲಿ ಪಾಲ್ ವಿಕ್ಸಿ ಮತ್ತು ಗೆಳೆಯರು ಶುರುಮಾಡಿದ ಈ ಪದ್ಧತಿ ಬಲು ಜಾಣತನದ್ದು. ಒಂದು ಐಪಿ ಕೆಟ್ಟದ್ದಾ ಅಂತ ತಿಳಿಯಲು ಅದರ ನಾಲ್ಕು ಸಂಖ್ಯೆಗಳ ಸಾಲನ್ನು ಹಿಂದುಮುಂದು ಮಾಡಿ, ಕೊನೆಗೆ ಪಟ್ಟಿಯ ಹೆಸರು ಸೇರಿಸಿ, ಡಿಎನ್ಎಸ್‌ಗೆ (ಹೆಸರು ಕೊಟ್ಟರೆ ಐಪಿ ಹೇಳುವ ಇಂಟರ್ನೆಟ್ಟಿನ ವಿಳಾಸ ಪುಸ್ತಕ) ಸಾಮಾನ್ಯ ಪ್ರಶ್ನೆ ಕೇಳಿದರೆ ಆಯಿತು. 127.0.0.2ರಂಥ ಉತ್ತರ ಬಂದರೆ ಪಟ್ಟಿಯಲ್ಲಿ ಇದೆ ಅಂತ. ಉತ್ತರವೇ ಇಲ್ಲದಿದ್ದರೆ ನೆಮ್ಮದಿ. ನಮ್ಮ ಹೆಸರು ಅಳಿಸಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನವೂ ನಮ್ಮ ಬಿಲ್ಲುಗಳು ಗ್ರಾಹಕರಿಗೆ ತಲುಪಲಿಲ್ಲ.

ರಿಲೇ ಮುಚ್ಚಿದರೆ ನಮ್ಮವರಿಗೇ ಬರುವ ಸ್ಪ್ಯಾಮ್ ನಿಲ್ಲುವುದಿಲ್ಲ, ಅದು ಬೇರೆ ಜಗಳ. ಇವಾನ್ ಹ್ಯಾರಿಸ್ 2003ರಲ್ಲಿ ಮುಂದಿಟ್ಟ ಗ್ರೇಲಿಸ್ಟಿಂಗ್ ನನಗೆ ತುಂಬ ಇಷ್ಟ. ಹೊಸಬರು ಬಂದರೆ "ಈಗ ಆಗಲ್ಲ, ಆಮೇಲೆ ಬಾ" ಅನ್ನುವುದು, ಅಷ್ಟೇ. ನೆಟ್ಟಗಿನ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ. ಅವಸರದ ಸ್ಪ್ಯಾಮ್ ಪ್ರೋಗ್ರಾಮ್ ಎಷ್ಟೋ ಸಲ ತಿರುಗಿ ಬರುವುದೇ ಇಲ್ಲ. ತೊಂದರೆ ಅಂದರೆ ಹತ್ತು ನಿಮಿಷಕ್ಕೆ ಮುಗಿಯುವ ಒಟಿಪಿ ಇಪ್ಪತ್ತು ನಿಮಿಷಕ್ಕೆ ಬರುತ್ತದೆ, ಅಕೌಂಟ್ಸ್‌ನವರು ಸೀದಾ ನನ್ನ ಮೇಜಿಗೆ ಬರುತ್ತಾರೆ. ಎಸ್‌ಪಿಎಫ್ ಕೂಡ ಹಾಕಿದೆ. ಯಾವ ಐಪಿಗಳು ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದು ಅಂತ ಡಿಎನ್ಎಸ್‌ನಲ್ಲಿ ಬರೆದಿಡುವ ಒಂದು ಸಾಲು ಅದು. ಇವತ್ತು ಸ್ಪ್ಯಾಮರ್‌ಗಳು ತೆರೆದ ಬಾಗಿಲು ಹುಡುಕುವುದಕ್ಕಿಂತ ಜಾಸ್ತಿ ಯಾರದ್ದಾದರೂ ಪಾಸ್‌ವರ್ಡ್ ಕದಿಯಲು ನೋಡುತ್ತಾರೆ. ಅದಕ್ಕೇ ಒಬ್ಬೊಬ್ಬರಿಗೆ ಗಂಟೆಗೆ ಇಷ್ಟೇ ಮೇಲ್ ಅಂತ ಮಿತಿಯನ್ನೂ ಹಾಕಿಟ್ಟಿದ್ದೇನೆ.

ಇನ್ನೊಂದು ನಾಚಿಕೆಯ ವಿಷಯ ಉಳಿಯಿತು. ಸರ್ವರ್ ಕೂರಿಸಿದ ದಿನ ರಿಲೇ ಪರೀಕ್ಷೆ ಮಾಡಿದ್ದೆ, ಆದರೆ ಆಫೀಸಿನ ಒಳಗೇ ಕೂತು. ರೌಟರ್ ಬದಲಾಯಿಸಿದಾಗ ಅದೂ ಮಾಡಲಿಲ್ಲ. ಈಗ ಒಂದು ತಂತಿ ಅತ್ತಿತ್ತ ಆದರೂ ಬೇರೆ ಕಡೆ ಬಾಡಿಗೆಗೆ ಹಿಡಿದ ಮೆಷಿನ್‌ನಿಂದ ನಮ್ಮ ಪೋರ್ಟ್ 25 ತಟ್ಟಿ, ಸುಳ್ಳು ಹೆಸರು ಹೇಳಿ, ಮೂರನೆಯವರಿಗೆ ಒಂದು ಕಾಗದ ಸಾಗಿಸು ಅಂತ ಕೇಳುತ್ತೇನೆ. 554 ಅಂತ ಬೈದರೆ ಕಾಫಿಗೆ ಹೋಗುತ್ತೇನೆ.