ಯಾವ ಫೈಲ್ ಕೊಡಬಹುದು, ಯಾವುದನ್ನು ಕೊಡಬಾರದು?

ಗಂಗಾವತಿಯ ರೈಸ್ ಮಿಲ್ ಕಂಪನಿಯಾಗಲಿ, ಕೊಪ್ಪಳದಲ್ಲಿ ಕಾಲುವೆ ಕೆಲಸ ಹಿಡಿಯುವ ಕಂಟ್ರಾಕ್ಟರ್ ಆಗಲಿ, ಆನ್‌ಲೈನ್ ಕಾಗದಪತ್ರ ಅಂದಮೇಲೆ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಸರ್ಟಿಫಿಕೇಟ್, ಬಂದೇ ಬರುತ್ತದೆ. ನೋಡಲು ಪೆನ್‌ಡ್ರೈವ್ ತರಹದ ಟೋಕನ್. ಎಷ್ಟೋ ಜನ ಅದನ್ನು ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರವೇ ಬಿಟ್ಟಿರುತ್ತಾರೆ. ಡ್ರಾಯರ್ ಎಳೆದರೆ ಹತ್ತಾರು ಟೋಕನ್, ಒಂದೊಂದಕ್ಕೂ ಪಾರ್ಟಿ ಹೆಸರಿನ ಚೀಟಿ. ಕೆಲವು ಚೀಟಿಗಳ ಮೇಲೆ ಪಿನ್ ಕೂಡ! ಅದೇ ಜನಕ್ಕೆ ‘ಸಾಹುಕಾರ್ರೇ, ಸರ್ಟಿಫಿಕೇಟ್ ಫೈಲ್ ಕಳಿಸ್ರಿ’ ಅಂದರೆ, ‘ಅದು ಗುಟ್ಟಿಂದಲ್ಲೇನ್ರಿ?’ ಎಂದು ಹಿಂದೆಮುಂದೆ ನೋಡುತ್ತಾರೆ. ಲೆಕ್ಕ ಪೂರ್ತಿ ಉಲ್ಟಾ.

ಸರ್ಟಿಫಿಕೇಟ್ ಇರುವುದೇ ಹಂಚುವುದಕ್ಕೆ. ಹೆಸರಿನ ಕೊನೆಗೆ ಸಿಇಆರ್ ಅಥವಾ ಸಿಆರ್‌ಟಿ ಎಂದಿರುವ ಫೈಲ್ ತೆರೆದು ನೋಡಿ. ನಿಮ್ಮ ಹೆಸರು, ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯ ಹೆಸರು, ಸೀರಿಯಲ್ ನಂಬರ್, ಯಾವತ್ತಿನವರೆಗೆ ನಡೆಯುತ್ತದೆ ಎಂಬ ತಾರೀಖು, ಜೊತೆಗೆ ನಿಮ್ಮ ಪಬ್ಲಿಕ್ ಕೀ, ಅಂದರೆ ನಿಮ್ಮ ಸಹಿಯನ್ನು ಬೇರೆಯವರು ಪರೀಕ್ಷಿಸುವ ಸಂಖ್ಯೆ. ಇಷ್ಟಕ್ಕೂ ಸೇರಿಸಿ ಕೊನೆಗೆ ಕೊಟ್ಟ ಸಂಸ್ಥೆಯ ಡಿಜಿಟಲ್ ಸಹಿ. ನಡುವೆ ಒಂದಕ್ಷರ ತಿದ್ದಿದರೂ ಆ ಸಹಿ ತಾಳೆಯಾಗುವುದಿಲ್ಲ.

ಕೆಲವು ಫೈಲ್ ನೋಟ್‌ಪ್ಯಾಡಿನಲ್ಲೂ ತೆರೆಯುತ್ತವೆ. ಮೊದಲ ಸಾಲು ‘ಬಿಗಿನ್ ಸರ್ಟಿಫಿಕೇಟ್’. ಆಮೇಲೆ ಅರ್ಥವಾಗದ ಅಕ್ಷರಗಳ ರಾಶಿ, ಶುರುವಾಗುವುದು ಸಾಮಾನ್ಯವಾಗಿ ಎಂ, ಐ, ಐ ಎಂದೇ. ಇದರಲ್ಲಿ ಗುಟ್ಟೇನಿಲ್ಲ. ಸರ್ಟಿಫಿಕೇಟ್ ಬರೆಯುವ ಎಕ್ಸ್.509 ಎಂಬ ನಮೂನೆಯಲ್ಲಿ ಮೊದಲ ಬೈಟ್ ‘ಇಲ್ಲಿಂದ ಒಂದು ಕಟ್ಟು ಶುರು’ ಎನ್ನುತ್ತದೆ, ಮುಂದಿನವು ಅದರ ಉದ್ದ ಹೇಳುತ್ತವೆ. ಅವನ್ನು ಬೇಸ್64ರಲ್ಲಿ, ಅಂದರೆ ಬೈಟ್‌ಗಳನ್ನು ಮಾಮೂಲಿ ಅಕ್ಷರಗಳಾಗಿಸುವ ಕ್ರಮದಲ್ಲಿ, ಬರೆದಾಗ ಈ ಮೂರಕ್ಷರ ಬರುತ್ತವೆ. ಯಾರು ಬೇಕಾದರೂ ವಾಪಸ್ ಬಿಡಿಸಿ ಓದಬಹುದು.

ಗುಟ್ಟು ಇರುವುದು ಪಬ್ಲಿಕ್ ಕೀಯ ಜೋಡಿಯಾದ ಪ್ರೈವೇಟ್ ಕೀಯಲ್ಲಿ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಕೊಟ್ಟ ಆರ್‌ಎಸ್‌ಎ ಪದ್ಧತಿಯಲ್ಲಿ ಎರಡು ಭಾರೀ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುತ್ತಾರೆ. 2048 ಬಿಟ್ ಕೀ ಅಂದರೆ ಗುಣಲಬ್ಧ 617 ಅಂಕಿಗಳಷ್ಟು ಉದ್ದ! ಅದು ಪಬ್ಲಿಕ್ ಕೀಯಲ್ಲಿ ಎಲ್ಲರಿಗೂ ಕಾಣುತ್ತದೆ. ಅದನ್ನು ಒಡೆದು, ಪ್ರೈವೇಟ್ ಕೀಗೆ ಮೂಲವಾದ ಆ ಎರಡು ಸಂಖ್ಯೆ ಹುಡುಕುವುದು ಮಾತ್ರ ಇವತ್ತಿನ ಕಂಪ್ಯೂಟರ್‌ಗಳ ಕೈಲಿ ಆಗುವ ಕೆಲಸವಲ್ಲ. ಸಹಿ ಹಾಕುವುದು ಪ್ರೈವೇಟ್ ಕೀ, ಪರೀಕ್ಷೆ ಮಾಡುವುದು ಪಬ್ಲಿಕ್ ಕೀ.

ಪಿಎಫ್‌ಎಕ್ಸ್, ಪಿ12 ಫೈಲ್‌ಗಳಲ್ಲಿ ಸಾಮಾನ್ಯವಾಗಿ ಸರ್ಟಿಫಿಕೇಟ್ ಜೊತೆ ಪ್ರೈವೇಟ್ ಕೀಯೂ ಇರುತ್ತದೆ, ಕಾವಲಿಗೆ ಒಂದು ಪಾಸ್‌ವರ್ಡ್. ಇದನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಪೆಮ್ ಫೈಲಿನ ಹೆಸರನ್ನಂತೂ ನಂಬುವ ಹಾಗೇ ಇಲ್ಲ. ಒಳಗೆ ಯಾವುದಾದರೂ ಇರಬಹುದು. ತೆರೆದಾಗ ಎಲ್ಲಿಯಾದರೂ ‘ಪ್ರೈವೇಟ್ ಕೀ’ ಎಂದು ಕಂಡರೆ ಕೈ ತಡೆಯಿರಿ.

ಟೋಕನ್ ಕಥೆ ಬೇರೆ. ಅದರಲ್ಲಿ ಕೀ ಹುಟ್ಟುವುದೇ ಚಿಪ್ಪಿನೊಳಗೆ, ಹೊರಗೆ ಬರುವುದಿಲ್ಲ. ದಾಖಲೆಯ ಚುಟುಕು ಗುರುತು ಒಳಗೆ ಹೋಗುತ್ತದೆ, ಸಹಿ ಹೊರಗೆ ಬರುತ್ತದೆ. ಹಾಗಾಗಿ ಕಾಪಿ ಹೊಡೆಯುವ ಭಯ ಕಡಿಮೆ. ಆದರೆ ಪಿನ್ ಸಮೇತ ಟೋಕನ್ ಕೈಯಲ್ಲಿದ್ದರೆ ಕಾಪಿ ಯಾಕೆ ಬೇಕು? ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಂತೆಯೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಪ್ರೈವೇಟ್ ಕೀ ಕಾಯುವ ಹೊಣೆ ಸರ್ಟಿಫಿಕೇಟ್ ಯಾರ ಹೆಸರಲ್ಲಿದೆಯೋ ಅವರದ್ದೇ. ಅದು ಬೇರೆಯವರ ಪಾಲಾಗಿದ್ದರೆ ಕೊಟ್ಟ ಸಂಸ್ಥೆಗೆ ತಿಳಿಸುವವರೆಗೂ ಹೊಣೆ ತಪ್ಪುವುದಿಲ್ಲ.

ಟೋಕನ್ ಕಳೆದರೆ ಮನೆಯಲ್ಲೇ ಕೂತು ಪಿನ್ ಬದಲಿಸುತ್ತೇನೆ ಅಂದರೆ ಆಗದು, ಪಿನ್ ಪರೀಕ್ಷೆ ನಡೆಯುವುದೂ ಆ ಟೋಕನ್ನಿನೊಳಗೇ. ಸಂಸ್ಥೆಗೆ ಹೇಳಿ ಸರ್ಟಿಫಿಕೇಟ್ ರದ್ದು ಮಾಡಿಸಬೇಕು. ಆಗ ಅದರ ಸೀರಿಯಲ್ ನಂಬರ್ ರದ್ದಾದವುಗಳ ಪಟ್ಟಿಗೆ ಸೇರುತ್ತದೆ. ಆಮೇಲೆ ಯಾರಾದರೂ ಅದರಲ್ಲಿ ಸಹಿ ಹಾಕಿದರೆ, ಆ ಪಟ್ಟಿ ನೋಡುವ ಪೋರ್ಟಲ್ ಒಪ್ಪುವುದಿಲ್ಲ.