ಊಟದ ಡಬ್ಬಿ ಎಲ್ಲಿ ತೆಗೀತೀರಿ?

ಬೆಂಗಳೂರಿನ ಆಫೀಸು, ಕಾರ್ಖಾನೆಗಳಿಗೆ ಹೋಗಿ ಅಲ್ಲಿನವರ ಬೆನ್ನು, ಕುತ್ತಿಗೆ ನೋವು ನೋಡುವ ಫಿಸಿಯೋಥೆರಪಿಸ್ಟ್ ನಾನು. ನೋವಿನ ಮಾತು ಮುಗಿದ ಮೇಲೆ ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ‘ಮಧ್ಯಾಹ್ನ ಡಬ್ಬಿ ಎಲ್ಲಿ, ಯಾರ ಜೊತೆ ತೆಗೀತೀರಿ?’ ಡಯಟ್ ವಿಚಾರ ಅಂದುಕೊಂಡು ‘ಅನ್ನ ಕಮ್ಮಿ ಮಾಡಿದ್ದೀನಿ ಮೇಡಂ’ ಅನ್ನುತ್ತಾರೆ. ನನಗೆ ಬೇಕಾದ್ದು ಅನ್ನದ ಲೆಕ್ಕ ಅಲ್ಲ. ಅವರಿಗೆ ಎಂಥ ವ್ಯಾಯಾಮ ಒಗ್ಗುತ್ತದೆ ಅನ್ನೋದರ ಸುಳಿವು ಅಲ್ಲಿರುತ್ತದೆ.

ಎಂಟು ಜನರ ಮೇಜಿನಲ್ಲಿ ಕೂತು ಎಲ್ಲರ ಪಲ್ಯಕ್ಕೂ ಕೈ ಹಾಕುವವರಿಗೆ ಒಬ್ಬರೇ ವಾಕಿಂಗ್ ಹೋಗಿ ಅಂತ ಹೇಳಿದರೆ ಮೂರನೇ ದಿನ ನಿಲ್ಲಿಸುತ್ತಾರೆ. ಅವರಿಗೆ ಶಟಲ್ ಕೋರ್ಟೇ ಸರಿ. ಸರಿಯಾಗಿ ಒಂದು ಗಂಟೆಗೆ ಡಬ್ಬಿ ತೆಗೆದು, ಒಂದೂ ಇಪ್ಪತ್ತಕ್ಕೆ ತೊಳೆದಿಡುವವರಿಗೆ ವಾರದ ಪಟ್ಟಿ ಬರೆದುಕೊಟ್ಟರೆ ಸಾಕು. ಖುಷಿ ಇರಲಿ ಬಿಡಲಿ, ಟಿಕ್ ಹಾಕುತ್ತಾ ಹೋಗುತ್ತಾರೆ.

ನನಗೆ ತಲೆನೋವು ಮೂರನೆಯವರದ್ದು. ತಮ್ಮ ಸೀಟಿನಲ್ಲೇ, ಡಬ್ಬಿ ಅರ್ಧ ಮುಚ್ಚಿಕೊಂಡು, ಗಾಬರಿಯಲ್ಲಿ ತಿನ್ನುವವರು. ಒಂದು ಕಂಪನಿ ಹತ್ತು ಸಾವಿರ ಹೆಜ್ಜೆಗಳ ಸ್ಪರ್ಧೆ ಇಟ್ಟಿತು. ಲಾಬಿಯ ಟಿವಿಯಲ್ಲಿ ದಿನಾ ಹೆಸರುಗಳ ಪಟ್ಟಿ. ಅಕೌಂಟ್ಸಿನ ಒಬ್ಬರು ಕೊನೆಯಿಂದ ಎರಡನೆಯವರು. ಆ ಟಿವಿ ಕಣ್ಣಿಗೆ ಬೀಳಬಾರದು ಅಂತ ಹಿಂದಿನ ಗೇಟಿನಿಂದ ಬರತೊಡಗಿದರು. (ಮೇಲಿನ ಸ್ಥಾನದಲ್ಲಿದ್ದವರೊಬ್ಬರು ಫೋನನ್ನು ಮಗುವಿನ ತೊಟ್ಟಿಲಿಗೆ ಕಟ್ಟುತ್ತಿದ್ದರಂತೆ, ಅದು ಬೇರೆ ಕಥೆ.) ಅಷ್ಟಕ್ಕೂ ಆ ಹತ್ತು ಸಾವಿರ ಡಾಕ್ಟರ ಲೆಕ್ಕ ಅಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲಿದ್ದ ಸಂಖ್ಯೆ ಅದು.

2025ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಸ್ವಭಾವ ಮತ್ತು ವ್ಯಾಯಾಮದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಎಂಟು ವಾರದ ಸೈಕಲ್ ಮತ್ತು ಶಕ್ತಿ ವ್ಯಾಯಾಮ. ಬೇಗ ಆತಂಕಪಡುವವರಿಗೆ ಯಾರಾದರೂ ನೋಡುತ್ತಿದ್ದರೆ ಹಿಡಿಸಲಿಲ್ಲ. ತುಂಡು ತುಂಡಾಗಿ, ತಮ್ಮ ಪಾಡಿಗೆ ಮಾಡೋದು ಇಷ್ಟವಾಯಿತು. ಆದರೆ ವ್ಯಾಯಾಮದಿಂದ ಒತ್ತಡ ಚೆನ್ನಾಗಿ ಇಳಿದದ್ದು ಇವರಿಗೇ! ಯಾರಿಗೆ ಜಾಸ್ತಿ ಲಾಭವೋ ಅವರನ್ನೇ ನಾವು ಟಿವಿ ಪಟ್ಟಿ ಹಾಕಿ ಓಡಿಸುತ್ತೇವೆ, ಅಲ್ವಾ?

ಎಲ್ಲವನ್ನೂ ಸ್ವಭಾವದ ತಲೆಗೆ ಕಟ್ಟೋದೂ ತಪ್ಪು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಮೆಷಿನ್ ಮುಂದೆ ಕೂರುವ ಅಕ್ಕಂದಿರಿಗೆ ಬೆಳಿಗ್ಗೆ ನೀರು ಹಿಡಿದು, ಅಡುಗೆ ಮುಗಿಸಿ ಬರೋದೇ ಸಾಕಾಗಿರುತ್ತದೆ. ಅವರಿಗೆ ನಾನು ಉಪದೇಶ ಮಾಡೋದಿಲ್ಲ. ಕೆಲಸದ ಹೊತ್ತಿನಲ್ಲೇ ಎದ್ದು ಭುಜ ತಿರುಗಿಸಲು ಐದು ನಿಮಿಷ ಬಿಡಿ ಅಂತ ಸೂಪರ್‌ವೈಸರ್ ಹತ್ತಿರ ಕೇಳುತ್ತೇನೆ.

ಅಕೌಂಟ್ಸಿನವರಿಗೆ ಹೇಳಿದ್ದು ಇಷ್ಟೇ: ಹೇಗೂ ಹಿಂದಿನ ಗೇಟಿನಿಂದ ಬರ್ತೀರಿ, ಅಲ್ಲೇ ಮೆಟ್ಟಿಲಿದೆ. ದಿನಕ್ಕೆ ಮೂರು ಸಲ ಹತ್ತಿ ಇಳೀರಿ. ಆ್ಯಪ್ ಬೇಡ, ಯಾರಿಗೂ ಹೇಳೋದೂ ಬೇಡ. ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುವ ವಿಶ್ವ ಆರೋಗ್ಯ ಸಂಸ್ಥೆ, ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಬೇಕೆಂಬ ಹಳೇ ಷರತ್ತನ್ನು 2020ರಲ್ಲೇ ಕೈಬಿಟ್ಟಿದೆ. ಎರಡೆರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಎರಡು ತಿಂಗಳಾದ ಮೇಲೆ ಅವರದ್ದೊಂದು ಮೆಸೇಜ್ ಬಂತು. ‘ಮೇಡಂ, ಹಿಂದಿನ ಮೆಟ್ಟಿಲು, ಮೂರನೇ ಮಹಡಿ ತಿರುವಿನಲ್ಲಿ ಬಲ್ಬ್ ಹೋಗಿದೆ. ಯಾರಿಗೆ ಹೇಳ್ಬೇಕು?’