ನೆಲಮಂಗಲಕ್ಕೆ ಎಷ್ಟು ಹೊತ್ತಿಗೆ ಮುಟ್ಟಬೇಕು?

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಕಾರಿನಲ್ಲಿ ಬೆಂಗಳೂರಿಗೆ ಹೊರಡುವವರಿಗೆ ಮನೆಯ ಹಿರಿಯರು ಕೊಡುವ ಸಲಹೆ ಒಂದೇ: ನಸುಕಿನಲ್ಲೇ ಹೊರಟುಬಿಡಿ. ಬಯಲುಸೀಮೆಯ ಬಿಸಿಲನ್ನು ಬಲ್ಲವರ ಮಾತಾದ್ದರಿಂದ ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೆಂಗಳೂರಿನ ವಾಹನ ದಟ್ಟಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅದೇ ನಸುಕು ಸಿಂಧನೂರಿನವರಿಗೆ ಒಳ್ಳೆಯ ಹೊತ್ತು, ಬಳ್ಳಾರಿಯವರಿಗೆ ಒಳ್ಳೆಯದಲ್ಲದ ಹೊತ್ತು. ಬೆಳಿಗ್ಗೆ ಐದಕ್ಕೆ ಬಳ್ಳಾರಿ ಬಿಟ್ಟು, ಚಳ್ಳಕೆರೆ, ಹಿರಿಯೂರು ದಾಟಿ, ಶಿರಾದ ಹತ್ತಿರ ತಿಂಡಿ ಮುಗಿಸಿಕೊಂಡ ಕಾರು ನೆಲಮಂಗಲ ಮುಟ್ಟುವಾಗ ಗಂಟೆ ಹತ್ತೂವರೆಯ ಆಸುಪಾಸು. ಕಚೇರಿಯ ಹೊತ್ತು ಮುಗಿದಿದೆ, ಇನ್ನು ದಾರಿ ಸಲೀಸು ಎಂದುಕೊಳ್ಳುವಷ್ಟರಲ್ಲಿ ಮುಂದಿನ ವಾಹನಗಳ ಕೆಂಪು ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ.

ಇದೇಕೆ ಹೀಗಾಗುತ್ತದೆ ಎಂಬುದನ್ನು ಸಣ್ಣ ಲೆಕ್ಕವೊಂದು ತೋರಿಸಿಕೊಡುತ್ತದೆ. ನೆಲಮಂಗಲದಲ್ಲಿ ನಮ್ಮ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹಾಸನದ ಕಡೆಯಿಂದ ಬರುವ ಹೆದ್ದಾರಿ 75 ಸೇರಿಕೊಳ್ಳುತ್ತದೆ. ಮುಂದೆ ಪೀಣ್ಯದ ಕೈಗಾರಿಕಾ ಪ್ರದೇಶ, ಆಮೇಲೆ ಹೊರವರ್ತುಲ ರಸ್ತೆ ಬಂದು ಕೂಡುವ ಗೊರಗುಂಟೆಪಾಳ್ಯ. ಈ ದಾರಿಯ ಇಕ್ಕಟ್ಟಿನ ಜಾಗವೊಂದು ಗಂಟೆಗೆ 4,000 ವಾಹನಗಳನ್ನು ಮಾತ್ರ ಮುಂದಕ್ಕೆ ಬಿಡಬಲ್ಲದು ಎಂದು ಭಾವಿಸೋಣ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗೆ ಗಂಟೆಗೆ 5,000 ವಾಹನಗಳು ಬಂದರೆ, ಆ ಎರಡು ಗಂಟೆಗಳ ಕೊನೆಗೆ 2,000 ವಾಹನಗಳ ಸರದಿ ನಿಂತಿರುತ್ತದೆ. ಆಗ ಬಂದು ಸೇರಿದವರು ಅರ್ಧ ಗಂಟೆ ಕಾಯಬೇಕು. ಒಂಬತ್ತೂವರೆಯ ನಂತರ ಬರುವ ವಾಹನಗಳು ಗಂಟೆಗೆ 3,500ಕ್ಕೆ ಇಳಿದವು ಎನ್ನೋಣ. ದಟ್ಟಣೆಯ ಹೊತ್ತು ಮುಗಿಯಿತು ಎಂದು ಎಲ್ಲರೂ ಹೇಳುವ ಘಟ್ಟ ಇದು. ಆದರೆ ಸರದಿ ಈಗ ಗಂಟೆಗೆ ಬರೀ 500ರಷ್ಟು ಕರಗುತ್ತಿದ್ದು, ಪೂರ್ತಿ ಖಾಲಿಯಾಗಲು ನಾಲ್ಕು ಗಂಟೆ, ಅಂದರೆ ಮಧ್ಯಾಹ್ನ ಒಂದೂವರೆಯವರೆಗೆ ಸಮಯ ಹಿಡಿಯುತ್ತದೆ. ಎರಡು ಗಂಟೆಗಳ ಒತ್ತಡದ ಫಲವನ್ನು ಆರು ಗಂಟೆಗಳ ಕಾಲ ಬಂದವರೆಲ್ಲ ಉಣ್ಣುತ್ತಾರೆ.

ಸಂಖ್ಯೆಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು, ತತ್ವ ಮಾತ್ರ ಎಲ್ಲ ರಸ್ತೆಗಳದು. ವಾಸ್ತವದಲ್ಲಿ ಪರಿಸ್ಥಿತಿ ಇದಕ್ಕಿಂತ ತುಸು ಕಠಿಣ. ಸರದಿ ಒಮ್ಮೆ ಕಟ್ಟಿಕೊಂಡರೆ ಇಕ್ಕಟ್ಟಿನ ಜಾಗದ ಸಾಮರ್ಥ್ಯವೇ ಕುಸಿಯುತ್ತದೆ, ಏಕೆಂದರೆ ನಿಂತ ವಾಹನಗಳು ಮತ್ತೆ ವೇಗ ಹಿಡಿಯುವಾಗ ನಡುವೆ ಖಾಲಿ ಜಾಗಗಳು ಉಳಿದುಬಿಡುತ್ತವೆ. ಮೇಲಿನ ಲೆಕ್ಕದಲ್ಲಿ ಸಾಮರ್ಥ್ಯ ಶೇ 5ರಷ್ಟು ಕುಸಿದು 3,800 ಆಯಿತೆಂದರೆ, ಒಂಬತ್ತೂವರೆಗೆ ನಿಂತ 2,400 ವಾಹನಗಳು ಗಂಟೆಗೆ 300ರಂತೆ ಕರಗಿ, ಸರದಿ ಮುಗಿಯುವಾಗ ಸಂಜೆ ಐದೂವರೆ! ಮಧ್ಯಾಹ್ನದ ಹೊತ್ತಿಗೆ ರಸ್ತೆಗೆ ಇಳಿಯುವವರು ಇನ್ನಷ್ಟು ಕಡಿಮೆಯಾಗುವುದರಿಂದ ಮಾತ್ರ ನಗರಕ್ಕೆ ನಡುವೆ ಉಸಿರಾಡಲು ಬಿಡುವು ಸಿಗುತ್ತದೆ.

ವಾಹನ ಸಂಚಾರವನ್ನು ಮೊದಲಿಗೆ ವ್ಯವಸ್ಥಿತವಾಗಿ ಅಳೆದವರಲ್ಲಿ ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ ಒಬ್ಬರು. 1930ರ ದಶಕದಲ್ಲಿ ಒಹಾಯೊ ರಾಜ್ಯದ ರಸ್ತೆಬದಿಯಲ್ಲಿ ಕ್ಯಾಮೆರಾ ಇಟ್ಟು ಚಿತ್ರ ತೆಗೆದ ಅವರು, ವಾಹನಗಳು ಒತ್ತಾದಷ್ಟೂ ವೇಗ ತಗ್ಗುವುದನ್ನೂ, ಒಂದು ಮಿತಿಯಾಚೆಗೆ ರಸ್ತೆ ದಾಟಿಸುವ ವಾಹನಗಳ ಸಂಖ್ಯೆಯೇ ಇಳಿಮುಖವಾಗುವುದನ್ನೂ ತೋರಿಸಿದರು. 1955ರಲ್ಲಿ ಬ್ರಿಟನ್ನಿನ ಗಣಿತಜ್ಞರಾದ ಲೈಟ್‌ಹಿಲ್ ಮತ್ತು ವಿಟ್‌ಹ್ಯಾಮ್ ಜೋಡಿ ಪ್ರಬಂಧಗಳನ್ನು ಪ್ರಕಟಿಸಿದರು: ಮೊದಲನೆಯದು ಉದ್ದನೆಯ ನದಿಗಳಲ್ಲಿ ನೆರೆ ಸಾಗುವ ಬಗೆಯನ್ನು ಕುರಿತದ್ದು, ಎರಡನೆಯದು ತುಂಬಿದ ರಸ್ತೆಗಳಲ್ಲಿ ವಾಹನಗಳು ಸಾಗುವ ಬಗೆಯನ್ನು ಕುರಿತದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಈ ನಂಟು ಸುಲಭವಾಗಿ ಅರ್ಥವಾಗಬೇಕು. ಅಣೆಕಟ್ಟೆಯಲ್ಲಿ ಗೇಟು ಎತ್ತಿದ ಗಳಿಗೆಗೂ ತಮ್ಮ ಹೊಲಕ್ಕೆ ನೀರು ಮುಟ್ಟುವ ಗಳಿಗೆಗೂ ಎಷ್ಟು ಅಂತರವಿದೆ ಎಂಬುದು ಅವರ ಅನುಭವದಲ್ಲಿದೆ. ರಸ್ತೆಯಲ್ಲಿ ವ್ಯತ್ಯಾಸವೆಂದರೆ, ದಟ್ಟಣೆಯ ಅಲೆ ವಾಹನಗಳು ಹೋಗುವ ದಿಕ್ಕಿಗೆ ವಿರುದ್ಧವಾಗಿ, ಹಿಂದಕ್ಕೆ ಸಾಗುತ್ತದೆ.

ಇದನ್ನು ಜಪಾನಿನ ಸಂಶೋಧಕರು ಕಣ್ಣಿಗೆ ಕಾಣುವಂತೆ ಮಾಡಿದರು. 2008ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳು ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಮನಾಗಿ ಸಾಗಬೇಕಿತ್ತು. ಸಿಗ್ನಲ್ ಇರಲಿಲ್ಲ, ಗುಂಡಿ ಇರಲಿಲ್ಲ, ಅಡ್ಡ ಬಂದ ಎಮ್ಮೆಯೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಒಬ್ಬರ ಸಣ್ಣ ಹಿಂಜರಿತ ಹಿಂದಿನವರಲ್ಲಿ ದೊಡ್ಡದಾಗುತ್ತಾ ಹೋಗಿ, ಕೆಲವು ಕಾರುಗಳು ಪೂರ್ತಿ ನಿಂತುಬಿಟ್ಟವು. ಆ ನಿಲುಗಡೆಯ ಅಲೆ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಮ್ಮುಖವಾಗಿ ತಿರುಗತೊಡಗಿತು. ಹೆದ್ದಾರಿಯಲ್ಲಿ ಕಾರಣವೇ ಕಾಣದೆ ಹತ್ತು ನಿಮಿಷ ನಿಂತು, ಮತ್ತೆ ಕಾರಣವಿಲ್ಲದೆ ಹೊರಟ ಅನುಭವಕ್ಕೆ ವಿವರಣೆ ಇಲ್ಲಿದೆ.

ಹಾಗಾದರೆ ತುಮಕೂರಿನಲ್ಲಿ ಒಂದೆರಡು ಗಂಟೆ ಕುಳಿತು ತಡವಾಗಿ ಹೋದರೆ ಲಾಭವಿದೆಯೇ? ಇದಕ್ಕೆ ಉತ್ತರ ನೇರವಾಗಿದೆ. ಬಂದ ಕ್ರಮದಲ್ಲೇ ವಾಹನಗಳು ಮುಂದೆ ಹೋಗುವ ಸರದಿಯಲ್ಲಿ ತಡವಾಗಿ ಸೇರಿದವರು ಮುಂಚಿತವಾಗಿ ಊರು ಮುಟ್ಟಲಾರರು. ಉಳಿಯುವುದು ಇಂಧನ ಮತ್ತು ತಾಳ್ಮೆ, ಸಮಯವಲ್ಲ. ಸರದಿ ಕಟ್ಟುವ ಮೊದಲೇ ದಾಟಿದವರಿಗೆ ಎರಡೂ ಉಳಿಯುತ್ತವೆ. ದಟ್ಟಣೆಗೆ ಒಂದು ಗಂಟೆ ಮುಂಚೆ ಬರುವುದೂ ಒಂದು ಗಂಟೆ ನಂತರ ಬರುವುದೂ ಸಮವಲ್ಲ. 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ವಿಲಿಯಂ ವಿಕ್ರಿ, 1969ರಷ್ಟು ಹಿಂದೆಯೇ ಇಕ್ಕಟ್ಟಿನ ಜಾಗದ ಸರದಿಯನ್ನು ಹೊರಡುವ ಸಮಯದ ಆಯ್ಕೆಯ ಪ್ರಶ್ನೆಯಾಗಿ ಕಂಡಿದ್ದರು. ಕಚೇರಿಯ ಗಂಟೆಗೆ ಕಟ್ಟುಬಿದ್ದ ನಗರವಾಸಿಗೆ ಆ ಆಯ್ಕೆ ಕಿರಿದು. ಮುನ್ನೂರು ಕಿಲೋಮೀಟರ್ ದೂರದಿಂದ ಬರುವ ನಮಗೆ ಅದು ವಿಶಾಲವಾಗಿದೆ, ಬಳಸಿಕೊಳ್ಳುವವರು ಕಡಿಮೆ.

ಹಾಗೆಂದು ಬೆಳಗಿನ ಆರೂಮುಕ್ಕಾಲಿಗೆ ನೆಲಮಂಗಲ ದಾಟುವ ಆಸೆಯಿಂದ ರಾತ್ರಿ ಒಂದೂವರೆಗೆ ಬಳ್ಳಾರಿ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಅವಧಿಯಲ್ಲಿ ದೇಹದ ಒಳಗಡಿಯಾರ ನಿದ್ದೆಯನ್ನೇ ಬೇಡುತ್ತದೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣುಗಳ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಕಾನೂನು ಚಾಲಕರಿಗೆ ಹಾಕಿರುವ ಮಿತಿ 30 ಮಿ.ಗ್ರಾಂ. ಬೆಳಿಗ್ಗೆ ಏಳಕ್ಕೆ ಎದ್ದು, ದಿನವಿಡೀ ಅಂಗಡಿಯಲ್ಲೋ ಹೊಲದಲ್ಲೋ ದುಡಿದು, ನಿದ್ದೆಯಿಲ್ಲದೆ ನಡುರಾತ್ರಿ ಸ್ಟೀರಿಂಗ್ ಹಿಡಿದವರು ಕುಡಿಯದೆಯೂ ಆ ಮಿತಿಯನ್ನು ಮೀರಿದವರಂತೆಯೇ.

ಆದ್ದರಿಂದ ನೆಲಮಂಗಲದಲ್ಲಿ ಇರಬೇಕಾದ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು ಹಿಂದಕ್ಕೆ ಎಣಿಸುವುದು ಲೇಸು. ಮಧ್ಯಾಹ್ನ ಒಂದರಿಂದ ಮೂರರ ನಡುವಿನ ಬಿಡುವನ್ನು ಗುರಿಯಾಗಿಟ್ಟುಕೊಂಡರೆ, ಸಿಂಧನೂರಿನವರು ಐದೂವರೆಗೆ, ಬಳ್ಳಾರಿ ಮತ್ತು ಕೊಪ್ಪಳದವರು ಏಳೂವರೆಗೆ, ಮನೆಯಲ್ಲೇ ತಿಂಡಿ ಮುಗಿಸಿ ಹೊರಡಬಹುದು. ಬೆಳಿಗ್ಗೆಯೇ ನಗರದಲ್ಲಿ ಕೆಲಸವಿರುವವರು ಹಿಂದಿನ ಸಂಜೆ ಹೊರಟು ತುಮಕೂರಿನಲ್ಲಿ ಮಲಗುವುದು ಮೇಲು. ರಾಯಚೂರು ನಗರದವರು ಆದೋನಿ, ಅನಂತಪುರದ ಮೇಲೆ ಹೆದ್ದಾರಿ 44 ಹಿಡಿದರೆ ಅವರ ಹೆಬ್ಬಾಗಿಲು ಹೆಬ್ಬಾಳ, ಲೆಕ್ಕ ಮಾತ್ರ ಅದೇ. ವಿಮಾನ ನಿಲ್ದಾಣಕ್ಕೆ ಹೋಗುವವರು ನೆಲಮಂಗಲದವರೆಗೆ ಬರಲೇಬೇಕಿಲ್ಲ. ಡಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಬಹುದು.

ಮರಳುವಾಗ ನಸುಕಿನ ಸಲಹೆ ಪೂರ್ತಿ ಸರಿಹೊಂದುತ್ತದೆ. ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟವರಿಗೆ ಗೊರಗುಂಟೆಪಾಳ್ಯ ಖಾಲಿಯಿರುತ್ತದೆ, ರಸ್ತೆ ವಾಯವ್ಯಕ್ಕೆ ಸಾಗುವುದರಿಂದ ಏರುವ ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ, ಬಿಸಿಲು ಬಲಿಯುವ ಮೊದಲೇ ಬಳ್ಳಾರಿ ಸಿಗುತ್ತದೆ. ಭತ್ತದ ಸುಗ್ಗಿಯ ದಿನಗಳಲ್ಲಿ ಸಿರುಗುಪ್ಪ, ಸಿಂಧನೂರಿನ ಕಡೆ ಹೋಗುವವರಿಗೆ ಇನ್ನೊಂದು ಕಾರಣವೂ ಇದೆ: ಹಿಂಬದಿಯಲ್ಲಿ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ಮೂಟೆ ಹೇರಿಕೊಂಡು ಸಾಗುವ ಟ್ರ್ಯಾಕ್ಟರ್ ಟ್ರಾಲಿಗಳು ಹಗಲಿನಲ್ಲಾದರೆ ದೂರದಿಂದಲೇ ಕಾಣುತ್ತವೆ.